ತಂಗಳನ್ನಕ್ಕೆ ಅನಾನಸಿನ ಸಂಗ

ರಾತ್ರಿಯ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ನಾಲ್ಕು ಹಿಡಿ ಅನ್ನ ಉಳಿಯಿತೆಂದರೆ, ಕನ್ನಡನಾಡಿನ ಮನೆಗಳಲ್ಲಿ ಮರುದಿನದ ತಿಂಡಿಯ ಚಿಂತೆ ಅಲ್ಲಿಗೇ ತೀರಿತು. ಸಾಸಿವೆ ಸಿಡಿದು, ಅರಿಸಿನ ಬಿದ್ದು, ನಿಂಬೆಹಣ್ಣಿನ ರಸ ಸೇರಿದರೆ ಚಿತ್ರಾನ್ನ. ಕಡಲಾಚೆಯ ಜಾವಾ ದ್ವೀಪದಲ್ಲಿಯೂ ಗೃಹಿಣಿಯ ಯೋಚನೆ ಓಡುವುದು ಇದೇ ಹಾದಿಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿಗಳನ್ನು ಅರೆದ ಮಸಾಲೆಯೊಡನೆ ಆಕೆ ಹಿಂದಿನ ರಾತ್ರಿಯ ಅನ್ನವನ್ನು ಬಾಣಲೆಯಲ್ಲಿ ಹುರಿದು, ಕಪ್ಪಗಿನ ಸಿಹಿ ಸೋಯಾ ರಸವನ್ನು ಬೆರೆಸಿ, ಮೇಲೊಂದು ಕರಿದ ಮೊಟ್ಟೆಯನ್ನಿಟ್ಟು ಬೆಳಗಿನ ಉಪಾಹಾರಕ್ಕೆ ಬಡಿಸುತ್ತಾಳೆ. ಅದರ ಹೆಸರು ‘ನಾಸಿ ಗೋರೆಂಗ್’. ಹೆಸರಿನಲ್ಲಿ ಗೂಢಾರ್ಥವೇನೂ ಇಲ್ಲ. ನಾಸಿ ಎಂದರೆ ಅನ್ನ, ಗೋರೆಂಗ್ ಎಂದರೆ ಹುರಿದದ್ದು. ಭಾಷಾಪ್ರಿಯರು ಗಮನಿಸಬೇಕಾದ ಸ್ವಾರಸ್ಯವೊಂದು ಇಲ್ಲುಂಟು. ಇಂಗ್ಲಿಷಿನವರಿಗೆ ಅಕ್ಕಿಯೂ ‘ರೈಸ್’, ಅನ್ನವೂ ‘ರೈಸ್’. ಇಂಡೋನೇಷ್ಯದವರಿಗಾದರೋ ಭತ್ತ ‘ಪಾದಿ’, ಅಕ್ಕಿ ‘ಬೆರಾಸ್’, ಅನ್ನ ‘ನಾಸಿ’. ಕನ್ನಡದ ಮೂರು ಮಾತಿಗೆ ಅಲ್ಲಿಯೂ ಮೂರು ಮಾತು! ಇಂಗ್ಲಿಷಿನ ‘ಪ್ಯಾಡಿ’ ಎಂಬ ಶಬ್ದವೂ ಆ ‘ಪಾದಿ’ಯಿಂದಲೇ ಬಂದ ಎರವಲು.

ಇದೇ ವಂಶದ ಇನ್ನೊಂದು ಭಕ್ಷ್ಯ ಥಾಯ್ಲೆಂಡಿನದು: ‘ಖಾವ್ ಪಟ್ ಸಪ್ಪರೋತ್’, ಎಂದರೆ ಅನಾನಸ್ ಹಾಕಿ ಹುರಿದ ಅನ್ನ. ಅನಾನಸಿನ ಹೋಳು, ಹುರಿದ ಗೋಡಂಬಿ, ಕೆಲವೊಮ್ಮೆ ಒಣದ್ರಾಕ್ಷಿ, ಹಳದಿ ಬಣ್ಣಕ್ಕೂ ಪರಿಮಳಕ್ಕೂ ಒಂದು ಚಿಟಿಕೆ ಮಸಾಲೆಯ ಪುಡಿ. ಆ ಪುಡಿಗೆ ಅಲ್ಲಿ ‘ಪೊಂಗ್ ಕರಿ’ ಎನ್ನುತ್ತಾರೆ. ಅದರ ನಂಟು ಯಾವ ದೇಶದ ಕಡೆಗೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪಾಹಾರಗೃಹಗಳಲ್ಲಿ ಇದನ್ನು ಹಣ್ಣಿನ ತಿರುಳು ತೆಗೆದ ಚಿಪ್ಪಿನಲ್ಲಿಯೇ ತುಂಬಿ ತಂದಿಡುವ ವಾಡಿಕೆಯುಂಟು. ಕಣ್ಣಿಗೆ ಅದು ಹಬ್ಬವೇ ಸರಿ. ಮನೆಯಲ್ಲಿ ಆ ಶ್ರಮ ವ್ಯರ್ಥ. ಬಿಸಿಯ ತಟ್ಟೆಯಲ್ಲಿರಬೇಕಾದ ಅನ್ನ ಹಸಿಯ ಚಿಪ್ಪಿನಲ್ಲಿ ಬೇಗನೆ ತಣ್ಣಗಾಗಿ ತೇವವಾಗುತ್ತದೆ.

ಉಷ್ಣವಲಯದ ರುಚಿಯೆಂದು ಇಂದು ಜಗತ್ತು ಕೊಂಡಾಡುವ ಈ ಭಕ್ಷ್ಯದಲ್ಲಿ ಏಷ್ಯದ ಸ್ವಂತ ಸೊತ್ತು ಎಷ್ಟೆಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಅನಾನಸು ದಕ್ಷಿಣ ಅಮೆರಿಕದ ಹಣ್ಣು. ಕೊಲಂಬಸನು 1493ರಲ್ಲಿ ತನ್ನ ಎರಡನೆಯ ಯಾನದ ಸಮಯ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡನು. ಪೂರ್ವದೇಶಗಳಿಗೆ ತಂದವರು ಪೋರ್ಚುಗೀಸರು; ಹಣ್ಣಿನೊಡನೆ ಹೆಸರನ್ನೂ ತಂದರು, ಅದೇ ಕನ್ನಡದ ‘ಅನಾನಸ್’ ಆಯಿತು. ಗೋಡಂಬಿಯ ತವರು ಬ್ರೆಜಿಲ್. ಮೆಣಸಿನಕಾಯಿಯೂ ಅಮೆರಿಕದ್ದೇ. ಹೀಗೆ ಅನ್ನವೊಂದನ್ನು ಬಿಟ್ಟರೆ ಮುಖ್ಯ ಸಾಮಗ್ರಿಗಳೆಲ್ಲ ಹಡಗು ಹತ್ತಿ ಬಂದ ನೆಂಟರು. ಅಷ್ಟಾದರೂ ಬನವಾಸಿಯ ಸೀಮೆಯ ರೈತನಿಗೆ ಅನಾನಸು ಇಂದು ಪರಕೀಯವೆಂದು ಯಾರಾದರೂ ಹೇಳಿಯಾರೆ? ಮದುವೆಯ ಊಟದಲ್ಲಿ ಅನಾನಸಿನ ಗೊಜ್ಜು ಬಾರದಿದ್ದರೆ ಬೀಗರು ಮುಖ ಸಿಂಡರಿಸುವ ಕಾಲ ಬಂದು ಬಹುದಿನವಾಯಿತು. ಸಿಹಿ, ಹುಳಿ, ಖಾರಗಳ ಮೇಳವನ್ನು ಗೊಜ್ಜಿನಲ್ಲಿ ಮೆಚ್ಚಿದ ನಾಲಗೆಗೆ ಈ ಹುರಿದ ಅನ್ನವೇನೂ ಹೊಸದಾಗಿ ಕಾಣದು.

ಆದರೂ ಮನೆಯಲ್ಲಿ ಮಾಡಿದವರಲ್ಲಿ ಅನೇಕರಿಗೆ ನಿರಾಶೆಯಾಗುತ್ತದೆ. ಅನ್ನ ಮುದ್ದೆಯಾಗುತ್ತದೆ, ಅನಾನಸಿನ ರಸದಲ್ಲಿ ತೊಯ್ದು ಉಪ್ಪು ಹಾಕಿದ ಕೇಸರಿಭಾತಿನಂತಾಗುತ್ತದೆ. ತಪ್ಪನ್ನು ಸೋಯಾ ರಸದ ಮೇಲೋ ಮಸಾಲೆಯ ಮೇಲೋ ಹೊರಿಸುವುದು ವಾಡಿಕೆ. ನಿಜವಾಗಿ ದೋಷವಿರುವುದು ಅನ್ನದಲ್ಲಿ. ಚಿತ್ರಾನ್ನದಲ್ಲಿ ಒಗ್ಗರಣೆ ಬೇರೆ, ಅನ್ನ ಬೇರೆ. ಎರಡನ್ನೂ ಕೊನೆಗೆ ಕಲಸುವುದಷ್ಟೆ. ಇಲ್ಲಿಯಾದರೋ ಅನ್ನದ ಪ್ರತಿಯೊಂದು ಅಗುಳೂ ಕಾದ ಕಬ್ಬಿಣವನ್ನು ಮುಟ್ಟಿ ಬರಬೇಕು. ಆಗತಾನೆ ಇಳಿಸಿದ ಅನ್ನ ಮೆತ್ತಗೆ, ಅಂಟಂಟಾಗಿರುತ್ತದೆ. ಅದು ಆರಿದಂತೆ ಒಳಗಿನ ಪಿಷ್ಟದ ಎಳೆಗಳು ಮತ್ತೆ ಒಂದನ್ನೊಂದು ಹಿಡಿದುಕೊಂಡು ಗಟ್ಟಿಯಾಗುತ್ತವೆ, ಮೇಲಿನ ತೇವ ಆರಿಹೋಗುತ್ತದೆ. ತಂಗಳನ್ನದ ಅಗುಳು ಬಿಡಿಬಿಡಿಯಾಗಿ ಹುರಿಯಲು ಒದಗುವುದು ಈ ಕಾರಣದಿಂದ.

ಇಷ್ಟನ್ನು ಕೇಳಿದೊಡನೆ ರಾತ್ರಿಯ ಅನ್ನವನ್ನು ಒಲೆಯ ಪಕ್ಕದಲ್ಲಿ ಮುಚ್ಚಿಟ್ಟು ಬೆಳಗ್ಗೆ ಹುರಿಯೋಣವೆಂದು ಹೊರಡುವವರು ಒಂದು ಕ್ಷಣ ನಿಲ್ಲಬೇಕು. ಈ ಭಕ್ಷ್ಯದಲ್ಲಿ ಅಪಾಯವಿರುವ ಸ್ಥಳವೂ ಇದೇ. ಅಕ್ಕಿಯಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರುವುದುಂಟು. ಅನ್ನ ಕುದಿದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಆ ಬೀಜಾಣುಗಳು ಮೊಳೆತು, ಜೀವಿಗಳು ವೃದ್ಧಿಯಾಗಿ, ಅನ್ನದಲ್ಲಿಯೇ ಒಂದು ವಿಷವನ್ನು ಉತ್ಪತ್ತಿ ಮಾಡಬಲ್ಲವು. ಬಾಣಲೆಯ ಎಷ್ಟು ದೊಡ್ಡ ಉರಿಯೂ ಈ ವಿಷವನ್ನು ನಾಶಮಾಡಲಾರದು. ಅನ್ನಕ್ಕೆ ಹಳಸಿದ ವಾಸನೆ ಬಂದಿರಲೇಬೇಕೆಂದೂ ಇಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಪ್ರಾರಂಭವಾಗುತ್ತದೆ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆಂಬುದು ನಿಜ. ಆದರೆ ಎಳೆಯ ಮಕ್ಕಳಿಗೂ ವೃದ್ಧರಿಗೂ ಅದು ಅಷ್ಟು ಸುಲಭವಾಗಿ ತೀರುವ ಮಾತಲ್ಲ.

ಈ ಸಂಗತಿ ಬೆಳಕಿಗೆ ಬಂದುದು ಹುರಿದ ಅನ್ನದಿಂದಲೇ. ಬ್ರಿಟನ್ನಿನಲ್ಲಿ 1971ರಿಂದ ಮೊದಲ್ಗೊಂಡು ಚೀನೀ ಶೈಲಿಯ ಉಪಾಹಾರಗೃಹಗಳ ಹುರಿದ ಅನ್ನವನ್ನು ತಿಂದವರಲ್ಲಿ ಇಂತಹ ವಾಂತಿಯ ಪ್ರಕರಣಗಳು ಮೇಲಿಂದ ಮೇಲೆ ವರದಿಯಾದವು. ವಿಚಾರಿಸಿ ನೋಡಿದರೆ ಕಂಡುಬಂದದ್ದಿಷ್ಟು: ದೊಡ್ಡ ಹಂಡೆಗಳಲ್ಲಿ ಅನ್ನ ಮಾಡಿ, ಶೀತಪೆಟ್ಟಿಗೆಯಲ್ಲಿಟ್ಟರೆ ಗಂಟುಕಟ್ಟುವುದೆಂದು ಹೊರಗೇ ಬಿಟ್ಟು, ಬೇಕಾದಾಗ ಎರಡು ನಿಮಿಷ ಹುರಿದು ಕೊಡುತ್ತಿದ್ದರು. ಲಂಡನ್ನಿನ ಚಳಿಯಲ್ಲಿಯೇ ಹೀಗಾದ ಮೇಲೆ ಮಂಗಳೂರಿನ ಏಪ್ರಿಲ್ ತಿಂಗಳ ರಾತ್ರಿಯನ್ನು ಕುರಿತು ಹೇಳುವುದೇನು?

ಆದುದರಿಂದ ಉಳಿದ ಅನ್ನಕ್ಕಾಗಿ ಕಾಯದೆ ಇದಕ್ಕೆಂದೇ ಅನ್ನವನ್ನು ಮಾಡಿಕೊಳ್ಳುವುದು ಉತ್ತಮ. ನಾಲ್ವರಿಗೆ ಪಕ್ಕದ ಭಕ್ಷ್ಯವಾಗಿ ಬಡಿಸಲು ಒಂದು ಬಟ್ಟಲು, ಎಂದರೆ ಸುಮಾರು 200 ಗ್ರಾಂ ಅಕ್ಕಿ ಸಾಕು. ಹಳೆಯ ಸೋನಾ ಮಸೂರಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಥಾಯ್ ಜನರ ಮಲ್ಲಿಗೆ ಅಕ್ಕಿ ಪರಿಮಳಕ್ಕೆ ಹೆಸರಾದದ್ದು. ಸಿಕ್ಕರೆ ಸಂತೋಷ, ಸಿಕ್ಕದಿದ್ದರೆ ಅದಕ್ಕಾಗಿ ಅಲೆಯಬೇಕಾದ್ದಿಲ್ಲ. ಬಾಸ್ಮತಿಯ ಉದ್ದ ಇಲ್ಲಿ ಅನಾವಶ್ಯಕ. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಎರಡು ಬಟ್ಟಲಿನ ಬದಲು ಒಂದೂ ಮುಕ್ಕಾಲು ಬಟ್ಟಲು ನೀರಿನಲ್ಲಿ ಬೇಯಿಸಬೇಕು. ಬೆಂದೊಡನೆ ಅಗಲವಾದ ಎರಡು ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೀಸಣಿಗೆಯ ಕೆಳಗಿಟ್ಟು, ಹಬೆ ಹೋಗಿ ತಣ್ಣಗಾದೊಡನೆ, ಅಂದರೆ ಒಂದು ಗಂಟೆ ಮೀರದಂತೆ, ಮುಚ್ಚಿ ಶೀತಪೆಟ್ಟಿಗೆಯಲ್ಲಿಡಬೇಕು. ಮರುದಿನವೇ ಅದನ್ನು ಬಳಸತಕ್ಕದ್ದು. ಗಂಟು ಕಟ್ಟಿದ್ದರೆ ಒದ್ದೆ ಮಾಡಿದ ಬೆರಳುಗಳಿಂದ ಹಗುರವಾಗಿ ಬಿಡಿಸಿದರಾಯಿತು; ಆ ಸಣ್ಣ ತೊಂದರೆಗೆ ಅಂಜಿ ಅನ್ನವನ್ನು ಹೊರಗಿಡುವುದು ಅವಿವೇಕ. ಶೀತಪೆಟ್ಟಿಗೆಯಿಲ್ಲದ ಮನೆಯವರಿಗೂ ದಾರಿಯಿದೆ. ಅನ್ನವನ್ನು ಹೀಗೆಯೇ ಹರಡಿ ಅರ್ಧ ಗಂಟೆ ಗಾಳಿಗೆ ಆರಿಸಿ ಆಗಲೇ ಹುರಿಯಬಹುದು. ತಂಗಳಿನಷ್ಟು ಬಿಡಿಬಿಡಿಯಾಗದು, ಆದರೂ ಮುದ್ದೆಯಾಗದು. ಬೇಕಾದುದು ಅನ್ನದ ವಯಸ್ಸಲ್ಲ, ಅದರ ಶುಷ್ಕತೆ.

ಇನ್ನು ಹಣ್ಣಿನ ವಿಚಾರ. ಪೇಟೆಯಲ್ಲಿ ದೊರೆಯುವ ಕ್ಯೂ ಜಾತಿಯ ದೊಡ್ಡ ಹಣ್ಣಿನಲ್ಲಿ ರಸ ಹೆಚ್ಚು. ಕ್ವೀನ್ ಜಾತಿಯದು ಗಾತ್ರದಲ್ಲಿ ಚಿಕ್ಕದು, ಪರಿಮಳದಲ್ಲಿ ದೊಡ್ಡದು. ಎರಡನೆಯದು ಸಿಕ್ಕರೆ ಅದನ್ನೇ ಆರಿಸಬೇಕು. ಡಬ್ಬಿಯ ಹಣ್ಣು ಸಕ್ಕರೆಯ ಪಾಕದಲ್ಲಿ ಮುಳುಗಿರುವುದರಿಂದ ಈ ಕೆಲಸಕ್ಕೆ ಬಾರದು. ಒಂದು ಬಟ್ಟಲಿನಷ್ಟು ಹೋಳುಗಳನ್ನು ಅರ್ಧ ಅಂಗುಲದ ಗಾತ್ರಕ್ಕೆ ಹೆಚ್ಚಿ ಜರಡಿಯಲ್ಲಿ ಹಾಕಿದರೆ ರಸ ಕೆಳಗಿಳಿಯುತ್ತದೆ. ಆ ರಸ ಸಾರಿಗೆ ಸಲ್ಲುತ್ತದೆ.

ಇತರ ಸಾಮಗ್ರಿಗಳು ಸಾಧಾರಣವಾದವು: ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಹದಿನೈದು ಗೋಡಂಬಿ, ಸಣ್ಣಗೆ ಹೆಚ್ಚಿದ ಹುರುಳಿಕಾಯಿ ಮತ್ತು ಕ್ಯಾರೆಟ್ ಅರ್ಧ ಬಟ್ಟಲು, ಮೂರು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಸೋಯಾ ರಸ. ಮಸಾಲೆಗೆ ಕಾಲು ಚಮಚ ಅರಿಸಿನ, ಅರ್ಧ ಚಮಚ ಕೊತ್ತಂಬರಿ ಪುಡಿ, ಒಂದೊಂದು ಚಿಟಿಕೆ ಜೀರಿಗೆ ಮತ್ತು ಕಾಳುಮೆಣಸಿನ ಪುಡಿ. ಥಾಯ್ ಜನರು ಮೀನಿನ ರಸವನ್ನೂ, ಜಾವಾದವರು ಸಿಗಡಿಯ ‘ತೆರಾಸಿ’ಯನ್ನೂ ಹಾಕುತ್ತಾರೆ, ಸಸ್ಯಾಹಾರಿಗಳು ಅವುಗಳ ಬದಲು ಉಪ್ಪಿನ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿಕೊಂಡರೆ ಸರಿ. ಜಾವಾದ ಕಪ್ಪು ಸಿಹಿ ರಸವಾದ ‘ಕೇಚಾಪ್ ಮಾನಿಸ್’ ಬೇಕೆನಿಸಿದರೆ ಸೋಯಾ ರಸಕ್ಕೆ ಸಮನಾಗಿ ಬೆಲ್ಲ ಸೇರಿಸಿ ಮಂದವಾದ ಉರಿಯಲ್ಲಿ ಕರಗಿಸಿಕೊಳ್ಳಬಹುದು. ಆದರೆ ಅನಾನಸ್ ಹಾಕುವ ದಿನ ಇದು ಬೇಡ. ಸಿಹಿಯ ಮೇಲೆ ಸಿಹಿ ಹೇರಿದಂತಾಗುತ್ತದೆ.

ಬಾಣಲೆ ಕಬ್ಬಿಣದ್ದಿರಲಿ, ಅಗಲವಾಗಿರಲಿ. ಮೊದಲು ಗೋಡಂಬಿಯನ್ನು ಹೊಂಬಣ್ಣಕ್ಕೆ ಹುರಿದು ತೆಗೆದಿಡಬೇಕು. ಅದೇ ಎಣ್ಣೆಯಲ್ಲಿ ಅನಾನಸಿನ ಹೋಳುಗಳನ್ನು ಹರಡಿ, ಕೆದಕದೆ ಬಿಟ್ಟು, ಅಂಚು ಕೆಂಪಾದ ಮೇಲೆ ತೆಗೆಯಬೇಕು. ಹೀಗೆ ಮಾಡಿದ ಹೋಳು ಆಮೇಲೆ ಅನ್ನದ ನಡುವೆ ನೀರು ಬಿಡುವುದಿಲ್ಲ, ರುಚಿಯೂ ಸಾಂದ್ರವಾಗುತ್ತದೆ. ಬಳಿಕ ಉಳಿದ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ತರಕಾರಿಗಳು. ಅವು ಬಾಡಿದ ಮೇಲೆ ಮಸಾಲೆಯ ಪುಡಿ. ಪುಡಿ ಸೀಯುವ ಮುನ್ನ ಅನ್ನ ಬೀಳಬೇಕು.

ಪೇಟೆಯ ಭಟ್ಟರ ಒಲೆಯ ಉರಿ ಮನೆಯ ಅನಿಲದ ಒಲೆಗಿಲ್ಲ. ಬಾಣಲೆಯ ತುಂಬ ಒಮ್ಮೆಗೇ ಅನ್ನ ಸುರಿದರೆ ಕಬ್ಬಿಣದ ಕಾವು ಇಳಿದು, ಅನ್ನ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ. ಒಗ್ಗರಣೆಯನ್ನೂ ಅನ್ನವನ್ನೂ ಎರಡು ಪಾಲು ಮಾಡಿ ಎರಡು ಬಾರಿ ಹುರಿಯುವ ತಾಳ್ಮೆ ಇದ್ದವರಿಗೆ ಪೇಟೆಯ ರುಚಿ ಮನೆಯಲ್ಲಿಯೇ ಸಿಕ್ಕುತ್ತದೆ. ದೊಡ್ಡ ಉರಿಯಲ್ಲಿ ಅನ್ನವನ್ನು ಹರಡಿ ಅರ್ಧ ನಿಮಿಷ ಸುಮ್ಮನೆ ಬಿಡುವುದು, ಮಗುಚುವುದು, ಮತ್ತೆ ಬಿಡುವುದು. ಮೂರು ನಾಲ್ಕು ಬಾರಿ ಹೀಗೆ ಮಾಡುವಷ್ಟರಲ್ಲಿ ಅಗುಳುಗಳು ಚಿಟಪಟನೆ ಸದ್ದು ಮಾಡತೊಡಗುತ್ತವೆ. ಸೋಯಾ ರಸವನ್ನು ಅನ್ನದ ಮೇಲೆ ಸುರಿಯದೆ ಬಾಣಲೆಯ ಕಾದ ಅಂಚಿಗೆ ಬಿಡಬೇಕು. ಅಲ್ಲಿ ಅದು ಒಮ್ಮೆಗೇ ಕುದಿದು ಸುಟ್ಟ ಪರಿಮಳ ಕೊಡುತ್ತದೆ. ಕೊನೆಗೆ ಅನಾನಸು, ಗೋಡಂಬಿ, ಉಪ್ಪು, ಕೊತ್ತಂಬರಿ ಸೊಪ್ಪು ಸೇರಿಸಿ ಇಳಿಸಬೇಕು. ಮೊಟ್ಟೆ ತಿನ್ನುವವರು ಅದನ್ನು ಬೇರೆಯಾಗಿ ಬೇಯಿಸಿ ಚೂರು ಮಾಡಿ ಬೆರೆಸಬಹುದು. ಜಾವಾದ ‘ಸೆರುಂಡೆಂಗ್’ ಎಂಬ ಹುರಿದ ತೆಂಗಿನ ತುರಿಯ ಮಾದರಿಯಲ್ಲಿ, ಎರಡು ಚಮಚ ತುರಿಯನ್ನು ಒಣಮೆಣಸಿನಕಾಯಿಯೊಡನೆ ಕೆಂಪಗೆ ಹುರಿದು ಮೇಲೆ ಉದುರಿಸಿದರೆ ಕರಾವಳಿಯ ಮನೆಯವರು ಎರಡನೆಯ ಬಾರಿ ಕೇಳುವುದು ನಿಶ್ಚಯ.

ಇದು ಎಲೆಯ ನಡುವೆ ರಾಶಿ ಹಾಕುವ ಅನ್ನವಲ್ಲ, ಪಕ್ಕದಲ್ಲಿ ಬಡಿಸುವಂತಹುದು; ಒಬ್ಬರಿಗೆ ಮುಕ್ಕಾಲು ಬಟ್ಟಲು ಸಾಕು. ಕಾಯಿಹಾಲಿನ ಕೂಟು, ಸುಟ್ಟ ಮೀನು, ಹುರಿದ ಪನೀರು ಯಾವುದರ ಜೊತೆಗೂ ಹೊಂದುತ್ತದೆ. ಬದಿಗೆ ಸೌತೆಕಾಯಿಯ ಬಿಲ್ಲೆ, ಒಂದು ಹೋಳು ನಿಂಬೆ, ಇಂಡೋನೇಷ್ಯದ ಕ್ರುಪುಕ್‌ಗೆ ಬದಲಾಗಿ ಅಕ್ಕಿಯ ಸಂಡಿಗೆ. ಮೊಸರು ಬೇಕೆನ್ನುವವರು ಹಸಿಯ ಅನಾನಸನ್ನು ಅದರೊಳಗೆ ಹಾಕಿಡಬಾರದು. ಹಣ್ಣಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆದು ಸ್ವಲ್ಪ ಹೊತ್ತಿನಲ್ಲಿಯೇ ಕಹಿ ಮಾಡುತ್ತದೆ. ಹುರಿದ ಹೋಳಿನಲ್ಲಿ ಆ ಕಾಟವಿಲ್ಲ, ಬಿಸಿಗೆ ಕಿಣ್ವ ಸತ್ತಿರುತ್ತದೆ. ಹುರಿದ ಅನ್ನ ತಟ್ಟೆಯಲ್ಲಿ ಉಳಿದರೆ ಅದನ್ನು ಮತ್ತೊಮ್ಮೆ ಬಿಸಿಮಾಡಿ ಮಕ್ಕಳ ಊಟದ ಡಬ್ಬಿಗೆ ತುಂಬುವ ಆಸೆ ಬೇಡ. ಒಮ್ಮೆ ಬೆಂದು, ತಣಿದು, ಮತ್ತೆ ಬಿಸಿಯಾದ ಅನ್ನಕ್ಕೆ ಮೂರನೆಯ ಸರದಿಯಿಲ್ಲ.