ಶೆಟ್ಟಿಹಳ್ಳಿಯ ಗೋಡೆಗಳಾಚೆ

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದೊಡನೆ ಹಾಸನದ ಸಮೀಪದ ಶೆಟ್ಟಿಹಳ್ಳಿ ರೋಜರಿ ದೇವಾಲಯದ ಭಗ್ನ ಗೋಡೆಗಳನ್ನು ನೋಡಲು ಜನರು ನೆರೆಯುತ್ತಾರೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆಲಯವಿದು. ಗೊರೂರು ಅಣೆಕಟ್ಟೆಯ ನೀರಿಗೆ ಊರನ್ನೇ ತೆತ್ತವರ ನೋವು, ಆ ಇಟ್ಟಿಗೆಗಳ ಮೇಲೆ ಹೆಸರು ಕೆತ್ತುವವರಿಗೆ ತಿಳಿಯದೇನೋ!

ಫ್ರಾನ್ಸಿನಿಂದ ಬಂದವರ ನೆನಪು ಗೋಡೆಗಳಲ್ಲಿ ಮಾತ್ರ ಉಳಿಯಬೇಕೆ? 1799ರಲ್ಲಿ ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಗೆ ಬಂದ ಅಬ್ಬೆ ದುಬೋಯ್ ಸ್ವಾಮಿಯವರು ಇಲ್ಲಿಯವರ ಉಡುಗೆಯುಟ್ಟು, ಇಲ್ಲಿಯವರಂತೆಯೇ ಬಾಳಿದರು. ಸಿಡುಬಿನ ವಿರುದ್ಧ ಜನರಿಗೆ ದೇವಿ ಹಾಕಿಸಿದರು. ಬಡವರಿಗೆ ಬೇಸಾಯದ ನೆಲೆಗಳನ್ನು ಕಲ್ಪಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿ, ಮತಾಂತರದ ಯತ್ನ ಇಲ್ಲಿ ಫಲಿಸದೆಂದು ಬರೆದಾಗ ಪ್ರೊಟೆಸ್ಟಂಟ್ ಮಿಷನರಿಗಳು ಖಂಡಿಸಿ ಪುಸ್ತಕಗಳನ್ನೇ ರಚಿಸಿದರು. ನಮ್ಮ ಸಮಾಜದ ಬಗ್ಗೆ ಅವರಾಡಿದ ಎಲ್ಲ ಮಾತುಗಳನ್ನೂ ನಾವು ಒಪ್ಪಲಾರೆವು. ಆದರೂ ಶೆಟ್ಟಿಹಳ್ಳಿಗೆ ಮಕ್ಕಳನ್ನು ಕರೆದೊಯ್ಯುವ ಧರ್ಮೋಪದೇಶಕರು, ಛಾಯಾಚಿತ್ರಕ್ಕೆ ಮೊದಲು, ದೇವಿ ಹಾಕಿಸಿದ ಈ ಸ್ವಾಮಿಯ ಕಥೆಯನ್ನೂ ಹೇಳಬೇಕೆಂದು ಕೋರುತ್ತೇವೆ.