ಅಣ್ಣನಿಗೆ ಬಂದದ್ದು ತಂಗಿಗೂ ಬರುತ್ತದೆಯೆ?

ಪ್ರಶ್ನೆ: ನನ್ನ ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿದೆ. ಇದು ನನ್ನ ತವರಿನ ಕಡೆಯಿಂದ ಬಂದದ್ದು, ಮಗಳಿಗೂ ಬಂದೀತು ಎಂದು ಮನೆಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ. ಮಗಳಿಗೆ ಪರೀಕ್ಷೆ ಮಾಡಿಸಬೇಕೆ?
– ಓದುಗರೊಬ್ಬರು, ಕುಂದೂರು, ಆಲೂರು ತಾಲ್ಲೂಕು

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ನಿಮ್ಮ ಮಗಳಿಗೆ ಈ ಕಾಯಿಲೆ ಬರುವ ಸಂಭವ ತೀರ ಕಡಿಮೆ. ತವರನ್ನು ದೂರುವುದಕ್ಕೂ ಆಧಾರವಿಲ್ಲ.

ರಕ್ತಕಣಗಳು ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಜೀವಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಪ್ರತಿ ಸಲವೂ ವಂಶವಾಹಿಗಳ ನಕಲು ಆಗಬೇಕು. ಒಮ್ಮೊಮ್ಮೆ ನಕಲು ತಪ್ಪುತ್ತದೆ. ಇಂಥ ಕೆಲವು ತಪ್ಪುಗಳು ಒಂದೇ ಕೋಶದಲ್ಲಿ ಸೇರಿದರೆ ಅದು ಅಂಕೆಯಿಲ್ಲದೆ ಬೆಳೆದು, ಬಲಿಯದ ಬಿಳಿ ಕಣಗಳಿಂದ ಮಜ್ಜೆಯನ್ನೇ ತುಂಬಿಬಿಡುತ್ತದೆ. ಇದೇ ಲ್ಯುಕೇಮಿಯ. ಸಾಮಾನ್ಯವಾಗಿ ಈ ತಪ್ಪು ಆಗುವುದು ಆ ಮಗುವಿನ ಮಜ್ಜೆಯಲ್ಲಿ. ತಂದೆ ತಾಯಿಯಿಂದ ಬರುವುದಲ್ಲ. ಇದು ಅಂಟುರೋಗವೂ ಅಲ್ಲ.

ಹಾಗಾದರೆ ಹುಟ್ಟಿನಿಂದ ಬಂದ ವಂಶವಾಹಿಗಳಿಗೆ ಪಾತ್ರವೇ ಇಲ್ಲವೆ? ಸ್ವಲ್ಪ ಇದೆ. ನಿಮ್ಮ ಕಡೆಯ ಕಾಫಿ ತೋಟಗಳನ್ನೇ ನೋಡಿ. ಎಲೆ ತುಕ್ಕು ರೋಗಕ್ಕೆ ಅರೇಬಿಕಾ ಬೇಗ ತುತ್ತಾಗುತ್ತದೆ, ರೊಬಸ್ಟಾ ತಡೆದುಕೊಳ್ಳುತ್ತದೆ. ಹಾಗೆಂದು ಪ್ರತಿ ಅರೇಬಿಕಾ ಗಿಡಕ್ಕೂ ತುಕ್ಕು ಹಿಡಿಯುವುದಿಲ್ಲ. ಒಲವು ಬೇರೆ, ರೋಗ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯುಕೇಮಿಯಕ್ಕೆ ಇಂಥ ಒಲವು ತರುವ ಕೆಲವು ವ್ಯತ್ಯಾಸಗಳನ್ನು ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು. ಇವು ಆರೋಗ್ಯವಂತರಲ್ಲೂ ಧಾರಾಳವಾಗಿ ಇರುತ್ತವೆ. ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಇಂಥ ಒಂದೊಂದು ವ್ಯತ್ಯಾಸದಿಂದ ಅಪಾಯ ಹೆಚ್ಚೆಂದರೆ ಒಂದೂವರೆ, ಎರಡು ಪಟ್ಟು ಆದೀತು.

‘ಎರಡು ಪಟ್ಟು’ ಎಂದೊಡನೆ ಹೆದರಬೇಡಿ. ಯಾವುದರ ಎರಡು ಪಟ್ಟು ಎಂದು ಕೇಳಿ. ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ನಾಲ್ವರಿಗೆ ಬರುವ ಕಾಯಿಲೆ ಎಂಟು ಮಂದಿಗೆ ಬಂದಿತೆಂದು ಇಟ್ಟುಕೊಳ್ಳಿ. ಉಳಿದ 99,992 ಮಕ್ಕಳಿಗೆ ಏನೂ ಆಗಿರುವುದಿಲ್ಲ. ವಿದ್ಯಾರ್ಥಿಗಳು ಈ ಲೆಕ್ಕವನ್ನು ನೆನಪಿಡಬೇಕು. ಒಡಹುಟ್ಟಿದವರಿಗೆ ಅಪಾಯ ಬೇರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚು. ಆದರೂ ಅದು ಅತ್ಯಲ್ಪವೇ. ತದ್ರೂಪಿ ಅವಳಿಗಳು ಮತ್ತು ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯ ಬೇರೆ; ಅವರ ಮೇಲೆ ವೈದ್ಯರು ನಿಗಾ ಇಡುತ್ತಾರೆ.

ಮಗಳು ಆರೋಗ್ಯವಾಗಿದ್ದರೆ ವಂಶವಾಹಿ ಪರೀಕ್ಷೆಗೆ ಹಣ ಸುರಿಯುವ ಅಗತ್ಯವಿಲ್ಲ. ಹತ್ತಿರದ ಸಂಬಂಧಿಕರಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ. ಬಿಡದ ಜ್ವರ, ಬಿಳಿಚಿಕೊಳ್ಳುವುದು, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಮೂಳೆ ನೋವು – ಇವು ಯಾವ ಮಗುವಿನಲ್ಲಿ ಕಂಡರೂ ಮೊದಲು ಸಾಧಾರಣ ರಕ್ತ ಪರೀಕ್ಷೆ ಮಾಡಿಸಿ.

ವಂಶವಾಹಿಗಳ ವ್ಯತ್ಯಾಸ ತಿಳಿಯುವುದರಿಂದ ಹೆಚ್ಚು ಪ್ರಯೋಜನ ಚಿಕಿತ್ಸೆಯಲ್ಲಿ. ಮರ್ಕಾಪ್ಟೊಪ್ಯೂರಿನ್ ಮಾತ್ರೆ ಕೆಲವು ಮಕ್ಕಳ ಮೈಗೆ ಒಗ್ಗದೆ ರಕ್ತಕಣಗಳು ಕುಸಿಯುತ್ತವೆ. ಎನ್‌ಯುಡಿಟಿ15 ಎಂಬ ವಂಶವಾಹಿಯ ವ್ಯತ್ಯಾಸ ಇದಕ್ಕೊಂದು ಕಾರಣ. ಭಾರತೀಯರಲ್ಲಿ ಅದು ಅಪರೂಪವಲ್ಲ. ಆಗ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ. ಮಗನಿಗೆ ಮುಂದೆ ಮಜ್ಜೆಯ ಕಸಿ ಬೇಕಾದರೆ ತಂಗಿಯ ಮಜ್ಜೆ ಪೂರ್ಣ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ನೀವು ಭಯಪಡುತ್ತಿರುವ ಮಗಳೇ ಅಣ್ಣನಿಗೆ ಆಸರೆಯಾಗಬಹುದು.

ಈ ಚಿಕಿತ್ಸೆ ಸಾಮಾನ್ಯವಾಗಿ ಎರಡು ಮೂರು ವರ್ಷ ನಡೆಯುತ್ತದೆ. ಮಗು ಗೆಲುವಾಗಿ ಆಡತೊಡಗಿದನೆಂದು ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಮಗಳ ಚಿಂತೆ ಬಿಡಿ. ಮಗನ ಮಾತ್ರೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.