ಹಲಗೆಗಳ ಪೈಪೋಟಿಯೂ ನಮ್ಮ ಮಕ್ಕಳೂ

ಇತ್ತೀಚೆಗೆ ನಮ್ಮ ಮಡಕಶಿರದ ಕಡೆಯ ಪಾಲಕರಿಂದ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. "ಮೇಷ್ಟ್ರೇ, ಹುಡುಗನಿಗೆ ಒಂದು ಟ್ಯಾಬ್ ಕೊಡಿಸಬೇಕೆಂದಿದ್ದೇವೆ. ಎಲ್ಲರೂ ಹೊಗಳುವ ಆ ಆ್ಯಪಲ್ ಕಂಪನಿಯದೇ ಆಗಬೇಕೆ? ಅದರ ಮೂರನೆಯ ಒಂದು ಪಾಲಿಗೆ ಸಿಗುವ ಬೇರೆಯವರದು ನಡೆಯುವುದಿಲ್ಲವೆ?" ಕೇಳುವವರು ಶ್ರೀಮಂತರಲ್ಲ. ಕಡಲೆಕಾಯಿಯ ಬೆಳೆ ಕೈಗೆ ಹತ್ತಿದ ವರ್ಷ ನಾಲ್ಕು ಕಾಸು ಉಳಿಸಿದವರು, ಇಲ್ಲವೆ ಹುಣಿಸೆಹಣ್ಣು ಬಡಿದು ಹಿಂದೂಪುರದ ಮಂಡಿಗೆ ಹಾಕಿ ಬಂದವರು. ಅಂಥವರ ದುಡ್ಡು ವ್ಯರ್ಥವಾಗಬಾರದೆಂಬ ಕಾಳಜಿಯಿಂದ ಈ ತಿಂಗಳು ಇದೇ ವಿಷಯವನ್ನು ವಿಚಾರಿಸಲು ಹೊರಟಿದ್ದೇವೆ. ಅಗ್ರಸ್ಥಾನದಲ್ಲಿ ಕುಳಿತವನೊಡನೆ ಉಳಿದವರು ಪೈಪೋಟಿ ನಡೆಸಬಲ್ಲರೆ? ನಡೆಸಿದರೆ ಅದರಿಂದ ನಮಗೇನು ಲಾಭ?

ಮೊದಲು ಅಗ್ರಗಣ್ಯನ ಸಂಗತಿ. ಆ್ಯಪಲ್ ಕಂಪನಿಯ ಐಪ್ಯಾಡ್ 2010ರ ಏಪ್ರಿಲ್ 3ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಮೊದಲ ದಿನವೇ ಮೂರು ಲಕ್ಷ, ಎಂಬತ್ತು ದಿನಗಳಲ್ಲಿ ಮೂವತ್ತು ಲಕ್ಷ ಹಲಗೆಗಳು ಖರ್ಚಾದವು. ಭಾರತಕ್ಕೆ ಅದು ಕಾಲಿಟ್ಟದ್ದು 2011ರ ಜನವರಿಯಲ್ಲಿ. ಆರಂಭದ ಬೆಲೆ 27,900 ರೂಪಾಯಿ. 2025ರ ಮಾರ್ಚ್‌ನಲ್ಲಿ ಬಂದ ಸಾಮಾನ್ಯ ಮಾದರಿಗೆ 34,900 ರೂಪಾಯಿ. ಜಗತ್ತಿನಲ್ಲಿ ಮಾರಾಟವಾಗುವ ಇಂಥ ಹಲಗೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಅದರದೇ. ಎರಡನೆಯ ಸ್ಥಾನದಲ್ಲಿ ಸ್ಯಾಮ್‌ಸಂಗ್ ಇದೆ.

ಅಂದಮೇಲೆ ಪ್ರತಿಸ್ಪರ್ಧಿಗಳಿಗೆ ಕೊರತೆಯಾದದ್ದೇನು? ಹಣವೆ? ಅನುಭವವೆ? ಅವೆರಡೂ ಅಲ್ಲವೆಂಬುದಕ್ಕೆ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯೇ ಸಾಕ್ಷಿ. ಗಣಕಯಂತ್ರಗಳ ವ್ಯಾಪಾರದಲ್ಲಿ ಜಗತ್ಪ್ರಸಿದ್ಧವಾದ ಆ ಸಂಸ್ಥೆ 2011ರ ಜುಲೈ 1ರಂದು 'ಟಚ್‌ಪ್ಯಾಡ್' ಎಂಬ ಹಲಗೆಯನ್ನು ಮಾರುಕಟ್ಟೆಗೆ ತಂದಿತು. ಆಗಸ್ಟ್ 18ರಂದು, ಅಂದರೆ ಏಳೇ ವಾರಗಳಲ್ಲಿ, ಅದನ್ನು ನಿಲ್ಲಿಸಿರುವುದಾಗಿ ಸಾರಿತು! ಉಳಿದ ಸರಕನ್ನು 99 ಡಾಲರಿಗೆ ಇಳಿಸಿದಾಗ ಜನ ಮುಗಿಬಿದ್ದು ಕೊಂಡರು. ಆದರೆ ಆ ಬೆಲೆಗೆ ಮಾರಿ ಯಾವ ಕಂಪನಿಯೂ ಬದುಕಲಾರದು.

ಇದರ ಮರ್ಮವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ರಾಯದುರ್ಗಕ್ಕೆ ಹೋದರೆ ಸಾಕು. ಅಲ್ಲಿ ಮನೆಮನೆಗಳಲ್ಲಿ ಜೀನ್ಸ್ ಷರಾಯಿ ಹೊಲಿಯುತ್ತಾರೆ. ಹೆಸರುವಾಸಿ ಕಂಪನಿಗಳ ಷರಾಯಿಗಳ ಎದುರು ಅವು ಮಾರಾಟವಾಗುವುದು ಹೇಗೆ? ಬಟ್ಟೆ ಗಟ್ಟಿಯಾಗಿದ್ದು ಹೊಲಿಗೆ ನೆಟ್ಟಗಿದ್ದರೆ ಆಯಿತು. ತೊಟ್ಟವನಿಗೆ ಆಮೇಲೆ ಬೇರೇನೂ ಬೇಕಾಗುವುದಿಲ್ಲ. ಹಲಗೆಯ ಸಂಗತಿ ಹಾಗಲ್ಲ. ಅದನ್ನು ಕೊಂಡ ದಿನವೇ ಅದರ ಹಸಿವು ಆರಂಭವಾಗುತ್ತದೆ. ಅದಕ್ಕೆ ಪುಸ್ತಕ ಬೇಕು, ಪಾಠ ಬೇಕು, ಆಟ ಬೇಕು, 'ಆ್ಯಪ್' ಎಂದು ಕರೆಯುವ ನೂರಾರು ಉಪಕರಣಗಳು ಬೇಕು. ಇವನ್ನೆಲ್ಲ ತಯಾರಿಸುವವರು ಹಲಗೆ ಮಾಡಿದವರಲ್ಲ, ಬೇರೆಯವರು. ಐಪ್ಯಾಡ್ ಹುಟ್ಟುವ ಹೊತ್ತಿಗೆ ಅದೇ ಕಂಪನಿಯ ಫೋನಿಗೆಂದು ಒಂದು ಲಕ್ಷಕ್ಕೂ ಮಿಗಿಲಾದ ಆ್ಯಪ್‌ಗಳು ಸಿದ್ಧವಿದ್ದವು. ಹೊಸ ಸ್ಪರ್ಧಿಯ ಉಗ್ರಾಣ ಬರಿದು. ಉಗ್ರಾಣ ಬರಿದೆಂದು ಗಿರಾಕಿ ಬರುವುದಿಲ್ಲ. ಗಿರಾಕಿ ಇಲ್ಲವೆಂದು ಯಾರೂ ಉಗ್ರಾಣ ತುಂಬುವುದಿಲ್ಲ. ಈ ಸುಳಿಯಿಂದ ಪಾರಾದವರು ಇಲ್ಲವೆಂದಲ್ಲ. ಅಮೆಜಾನ್ ಕಂಪನಿಯ ಬಳಿ ಪುಸ್ತಕಗಳ ದೊಡ್ಡ ಅಂಗಡಿಯೇ ಇದ್ದುದರಿಂದ, ಐಪ್ಯಾಡಿಗೆ 499 ಡಾಲರಿದ್ದ 2011ರಲ್ಲಿ ಅದು 199 ಡಾಲರಿಗೆ ಹಲಗೆಯನ್ನು ಮಾರಿ ನೆಲೆ ನಿಂತಿತು. ಸ್ಯಾಮ್‌ಸಂಗ್ ಮೊದಲಾದವರು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ವ್ಯವಸ್ಥೆಯನ್ನು ಹಂಚಿಕೊಂಡು, ಅನೇಕ ಅಂಗಡಿಗಳು ಒಂದೇ ಉಗ್ರಾಣದಿಂದ ಸರಕು ತೆಗೆಯುವಂತೆ ಮಾಡಿಕೊಂಡರು.

ಈ ಪೈಪೋಟಿಯಲ್ಲಿ ನಮ್ಮ ನಾಡಿನವರ ಪಾಲೂ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕು. ಐಪ್ಯಾಡ್ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, 2001ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲಿ 'ಸಿಂಪ್ಯೂಟರ್' ಎಂಬ ಅಂಗೈ ಅಗಲದ ಗಣಕವನ್ನು ಜನರ ಮುಂದಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆಯವರು ಮತ್ತವರ ಸಂಗಡಿಗರು ಕೂಡಿ ಅದನ್ನು ರೂಪಿಸಿದ್ದರು. ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆಗಳನ್ನು ಬಲ್ಲದ್ದಾಗಿರಬೇಕು ಎಂಬುದು ಅವರ ಸಂಕಲ್ಪ. ಓದಲು ಬಾರದ ರೈತನಿಗೆ ಅದು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬಲ್ಲದಾಗಿತ್ತು. ಒಬ್ಬೊಬ್ಬರೂ ಒಂದೊಂದು ಗಣಕವನ್ನು ಕೊಳ್ಳಲಾರರೆಂದು, ತಲೆಗೊಂದು ಚಿಕ್ಕ ಕಾರ್ಡು ಇಟ್ಟುಕೊಂಡು ಊರಿಗೊಂದು ಗಣಕವನ್ನು ಸರದಿಯಲ್ಲಿ ಬಳಸುವ ಏರ್ಪಾಡನ್ನೂ ಅದರಲ್ಲಿ ಮಾಡಿದ್ದರು. ಬಡವರ ಮನೆಯ ಸ್ಥಿತಿಯನ್ನು ಬಲ್ಲವರು ಮಾತ್ರ ಹೀಗೆ ಯೋಚಿಸಬಲ್ಲರು.

ಹೀಗಿದ್ದೂ ಅದು ಸೋತಿತು. ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ 2004ರ ಮಾರ್ಚ್‌ನಲ್ಲಿ ಅದು ಅಂಗಡಿಗೆ ಬಂದಾಗ ಅತ್ಯಂತ ಕಡಿಮೆ ಬೆಲೆಯ ಮಾದರಿಗೂ ಹತ್ತು ಸಾವಿರದಷ್ಟು ಬೆಲೆಯಿತ್ತು. ಪ್ರದರ್ಶನಕ್ಕೂ ಮಾರಾಟಕ್ಕೂ ನಡುವೆ ಮೂರು ವರ್ಷ ಕಳೆದಿದ್ದವು. ಅಷ್ಟರೊಳಗೆ ಮೊಬೈಲ್ ಫೋನು ಅಗ್ಗವಾಗುತ್ತ ಹಳ್ಳಿಗಳತ್ತ ನಡೆದಿತ್ತು. ಮಾರಾಟವಾದವು ಕೆಲವೇ ಸಾವಿರ. ಅದು ಕನ್ನಡವನ್ನು ಓದಬಲ್ಲದಾಗಿತ್ತು, ನಿಜ. ಆದರೆ ಓದುವುದಕ್ಕೆ ಅದರೊಳಗೆ ಏನಿತ್ತು? ಬೆಳೆಯ ಧಾರಣೆ, ಶಾಲೆಯ ಪಾಠ, ಮದ್ದಿನ ವಿವರ ಇವನ್ನು ದಿನದಿನವೂ ಕನ್ನಡದಲ್ಲಿ ಒದಗಿಸುವ ಉಗ್ರಾಣ ಅದರ ಹಿಂದೆ ಇರಲಿಲ್ಲ. ಬಾಯಿ ಇತ್ತು, ಬುತ್ತಿ ಇರಲಿಲ್ಲ.

ಮುಂದೆ 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ 'ಆಕಾಶ್' ಬಿಡುಗಡೆಯಾಯಿತು. ಕೇಂದ್ರ ಸಚಿವ ಕಪಿಲ್ ಸಿಬಲ್ ಅವರ ಉತ್ಸಾಹದಿಂದ ನಡೆದ ಯೋಜನೆ ಅದು. ಡೇಟಾವಿಂಡ್ ಕಂಪನಿ ತಯಾರಿಸಿದ ಆ ಹಲಗೆಗೆ ಸರಕಾರ ಕೊಟ್ಟ ಬೆಲೆ ಸುಮಾರು 2,250 ರೂಪಾಯಿ. ಐಪ್ಯಾಡಿನ ಹನ್ನೆರಡರಲ್ಲೊಂದು ಪಾಲು! ದೇಶವೆಲ್ಲ ಹಿಗ್ಗಿತು. ಆದರೆ ಹಲಗೆಯ ಓಟ ಬಹಳ ನಿಧಾನ. ಗಾಜನ್ನು ಒತ್ತಿ ಒತ್ತಿ ಬೆರಳು ಸೋಲಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಅದು ನಿಂತಿದ್ದ ಆಂಡ್ರಾಯ್ಡ್‌ನ ಅಂದಿನ ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಇನ್ನೂ ಸ್ಥಾನವೇ ದೊರೆತಿರಲಿಲ್ಲ. ಸಿಂಪ್ಯೂಟರ್‌ನಲ್ಲಿ ಭಾಷೆ ಇತ್ತು, ಬೆಲೆ ಎಟುಕಲಿಲ್ಲ. ಆಕಾಶ್‌ನಲ್ಲಿ ಬೆಲೆ ಎಟುಕಿತು, ಭಾಷೆ ಇರಲಿಲ್ಲ. ಪಾಠದ ಬುತ್ತಿಯನ್ನಂತೂ ಎರಡಕ್ಕೂ ಕಟ್ಟಿಕೊಟ್ಟವರಿಲ್ಲ.

ಕನ್ನಡದ ಮಟ್ಟಿಗೆ ಪ್ರತಿಸ್ಪರ್ಧಿಗಳಿಂದ ನಮಗೆ ಉಪಕಾರವಾಗಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆಂಡ್ರಾಯ್ಡ್ 2012ರಲ್ಲಿ ತನ್ನ 4.1ನೆಯ ಆವೃತ್ತಿಯಿಂದ ಕನ್ನಡ ಅಕ್ಷರಗಳನ್ನು ಬೆಂಬಲಿಸಿತು, 2014ರ 5.0ನೆಯ ಆವೃತ್ತಿಯಲ್ಲಿ ಹಲಗೆಯ ಸೂಚನೆಗಳೆಲ್ಲವೂ ಕನ್ನಡದಲ್ಲಿ ಕಾಣುವಂತಾಯಿತು. ಆ್ಯಪಲ್ ತನ್ನ ಹಲಗೆಯಲ್ಲಿ ಕನ್ನಡದ ಕೀಲಿಮಣೆಯನ್ನು ಕೂಡಿಸಿದ್ದು 2017ರಲ್ಲಿ. ಅಗ್ರಸ್ಥಾನದಲ್ಲಿದ್ದವನಿಗೆ ನಮ್ಮ ಬೀದಿಗೆ ಬರುವ ಅವಸರವಿರಲಿಲ್ಲ. ಹಿಂದೆ ಇದ್ದವನು ಗಿರಾಕಿಯನ್ನು ಹುಡುಕುತ್ತ ನಮ್ಮ ಬಾಗಿಲಿಗೆ ಬಂದ. ಪೈಪೋಟಿಯಿಂದ ಸಣ್ಣ ಗಿರಾಕಿಗೆ ಆಗುವ ಲಾಭ ಇದೇ.

ಇನ್ನು ನಮ್ಮ ರಾಜ್ಯದ ಮಾತು. ಆಂಧ್ರಪ್ರದೇಶ ಸರಕಾರ 2022ರ ಡಿಸೆಂಬರ್ 21ರಿಂದ ಎಂಟನೆಯ ತರಗತಿಯ ಮಕ್ಕಳಿಗೂ ಅವರ ಅಧ್ಯಾಪಕರಿಗೂ ಐದು ಲಕ್ಷಕ್ಕೂ ಹೆಚ್ಚು ಟ್ಯಾಬ್‌ಗಳನ್ನು ಹಂಚಿತು. 2023ರ ಡಿಸೆಂಬರ್‌ನಲ್ಲಿ ಮುಂದಿನ ತಂಡದ ಮಕ್ಕಳಿಗೂ ಹಂಚಿತು. ಮೊದಲ ತಂಡಕ್ಕೆ ಕೊಟ್ಟದ್ದು ಐಪ್ಯಾಡ್ ಅಲ್ಲ, ಸ್ಯಾಮ್‌ಸಂಗ್. ಹೀಗೆ 2022ರಲ್ಲಿಯೇ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ನಮ್ಮ ಮಡಕಶಿರದಲ್ಲಿಯೂ, ಅನಂತಪುರ ಜಿಲ್ಲೆಯಲ್ಲಿಯೇ ಉಳಿದ ರಾಯದುರ್ಗದಲ್ಲಿಯೂ, ಸರಕಾರಿ ಶಾಲೆಯ ಮಕ್ಕಳ ಮಟ್ಟಿಗೆ ಪ್ರತಿಸ್ಪರ್ಧಿಯೇ ಗೆದ್ದ. ಅಗ್ರಗಣ್ಯನ ಹೆಸರನ್ನು ಕೇಳಿರದ ಮಗುವಿನ ಕೈಯಲ್ಲೂ ಹಲಗೆ ಬಂದಿತು.

ಹಲಗೆ ಗೆದ್ದಿತು, ಸರಿ. ಮಗು ಗೆದ್ದಿತೆ? ಆ ಟ್ಯಾಬ್‌ಗಳಲ್ಲಿ ತುಂಬಿದ ಪಾಠಗಳು ಬೈಜೂಸ್ ಕಂಪನಿಯವು. ಆ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರೆ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಹಲಗೆಯೊಳಗಿನ ಪಾಠವನ್ನು ಪಠ್ಯ ಬದಲಾದಂತೆಲ್ಲ ತಿದ್ದುವವರು, ತುಂಬುವವರು ಬೇಕು. ಅವರಿಲ್ಲದಿದ್ದರೆ ಎಷ್ಟು ಒಳ್ಳೆಯ ಹಲಗೆಯಾದರೂ ಕೆಲವೇ ವರ್ಷಗಳಲ್ಲಿ ಬರಿಯ ಗಾಜಾಗುತ್ತದೆ ಎಂಬುದನ್ನು ತೋರಿಸುವುದಕ್ಕೆ ಹೇಳುತ್ತಿದ್ದೇವೆ. ಇನ್ನು ನಮ್ಮ ಕನ್ನಡ ಮಾಧ್ಯಮದ ಮಗುವಿಗೆ ಬೇಕಾದುದು ಅದರಲ್ಲಿ ಎಷ್ಟಿದೆ ಎಂಬುದನ್ನು, ಮನೆಯಲ್ಲಿ ಅಂಥ ಟ್ಯಾಬ್ ಇರುವ ಓದುಗರು ತಾವೇ ತೆರೆದು ಎಣಿಸಿ ನೋಡಬಹುದು.

ತರಬೇತಿ ಶಾಲೆಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಪಾಠಗಳಲ್ಲಿ ಒಂದಿದೆ: ಬೋಧನೋಪಕರಣ ಪಾಠಕ್ಕಾಗಿ, ಪಾಠ ಉಪಕರಣಕ್ಕಾಗಿ ಅಲ್ಲ. ಕರಿಹಲಗೆಯ ಕಾಲದಲ್ಲಿ ಈ ಮಾತು ಎಷ್ಟು ಸತ್ಯವೋ ಗಾಜಿನ ಹಲಗೆಯ ಕಾಲದಲ್ಲಿಯೂ ಅಷ್ಟೇ ಸತ್ಯ. ನಮ್ಮ ಗಡಿನಾಡಿನಲ್ಲಿ ನಿಜವಾದ ಪೈಪೋಟಿ ಆ್ಯಪಲ್‌ಗೂ ಸ್ಯಾಮ್‌ಸಂಗ್‌ಗೂ ನಡುವೆ ಇಲ್ಲ. ಕನ್ನಡದಲ್ಲಿ ಒಂದು ಪಾಠ ದೊರೆಯುವುದಕ್ಕೂ ದೊರೆಯದಿರುವುದಕ್ಕೂ ನಡುವೆ ಇದೆ. ತೆಲುಗು ಇಲ್ಲವೆ ಇಂಗ್ಲಿಷ್ ಪಾಠಗಳು ಹೇರಳವಾಗಿದ್ದು ಕನ್ನಡದ ಪಾಠ ಕೈಗೆ ಸಿಗದಿದ್ದರೆ ಮಗು ಸಿಕ್ಕಿದ್ದನ್ನೇ ಹಿಡಿಯುತ್ತದೆ. ಅದು ಮಗುವಿನ ತಪ್ಪಲ್ಲ. ತೆಲುಗು ನಮ್ಮ ನೆರೆಮನೆಯ ಭಾಷೆ, ಅದನ್ನು ಮಕ್ಕಳು ಕಲಿಯಲೇಬೇಕು. ಆದರೆ ಮನೆಯ ಭಾಷೆಯ ಪಾಠ ಸಿಗಲಿಲ್ಲವೆಂಬ ಕಾರಣದಿಂದ ಅದನ್ನು ಬಿಡುವಂತಾಗಬಾರದು. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆಂಧ್ರಕ್ಕೆ ಉಳಿದ ರಾಯದುರ್ಗದ ಹಿರಿಯರಿಗೆ ಈ ಚಿಂತೆ ಹೊಸದಲ್ಲ. ಅಂದು ಅಚ್ಚಿನ ಪುಸ್ತಕದ ಚಿಂತೆ, ಇಂದು ಹಲಗೆಯ ಚಿಂತೆ.

ಹಾಗಾದರೆ ಪಾಲಕರು ಏನು ಮಾಡಬೇಕು? ನಮಗೆ ತೋರಿದ ಕೆಲವು ಮಾತುಗಳನ್ನು ಹೇಳುತ್ತೇವೆ.

ಒಂದು: ಹೆಸರಿಗಾಗಿ ಸಾಲ ಮಾಡಬೇಡಿರಿ. ಶಾಲೆಯ ಓದಿಗೆ ಆಂಡ್ರಾಯ್ಡ್‌ನ ಸಾಧಾರಣ ಹಲಗೆ ಸಾಕು. ಚಿತ್ರ ಬರೆಯುವುದು, ಸಂಗೀತ ಸಂಯೋಜಿಸುವುದು ಮುಂತಾದ ವಿಶೇಷ ಕೆಲಸಗಳಿಗೆ ಅಗ್ರಗಣ್ಯನ ಹಲಗೆ ಮೇಲು ಎಂಬುದು ನಿಜ. ಆರು ಏಳನೆಯ ತರಗತಿಯ ಮಗುವಿಗೆ ಅದು ಅನಿವಾರ್ಯವಲ್ಲ.

ಎರಡು: ಅಂಗಡಿಯಲ್ಲಿಯೇ ಕನ್ನಡವನ್ನು ಪರೀಕ್ಷಿಸಿರಿ. 'ವಿಜ್ಞಾನ', 'ರಾಷ್ಟ್ರ', 'ಸ್ವಾತಂತ್ರ್ಯ' ಈ ಮೂರು ಶಬ್ದಗಳನ್ನು ಬರೆಯಿಸಿ ನೋಡಿರಿ. ಒತ್ತಕ್ಷರಗಳು ನೆಟ್ಟಗೆ ಮೂಡಿದರೆ ಮಾತ್ರ ಮುಂದಿನ ಮಾತು.

ಮೂರು: ಕೆಟ್ಟರೆ ಎಲ್ಲಿ ರಿಪೇರಿ ಎಂದು ಕೇಳಿರಿ. ಹಿಂದೂಪುರದಲ್ಲಿಯೋ ಅನಂತಪುರದಲ್ಲಿಯೋ ಗಾಜು, ಬ್ಯಾಟರಿ ಸಿಗುವಂತಿರಲಿ. ಎಷ್ಟು ವರ್ಷ ಅದರ ಒಳವ್ಯವಸ್ಥೆಯನ್ನು ಹೊಸದುಮಾಡಿ ಕೊಡುತ್ತಾರೆಂಬುದನ್ನೂ ಕೇಳಿರಿ. ಅಗ್ಗದ ಹಲಗೆಗಳು ಸೋಲುವುದು ಹೆಚ್ಚಾಗಿ ಈ ಎರಡು ಕಡೆ.

ನಾಲ್ಕು: ಮೊದಲು ಬುತ್ತಿ ಕಟ್ಟಿರಿ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ದೀಕ್ಷಾ' ಎಂಬಲ್ಲಿ ಕನ್ನಡದ ಪಾಠಗಳು ಉಚಿತವಾಗಿ ದೊರೆಯುತ್ತವೆ. ಕರ್ನಾಟಕದ ಪಠ್ಯಪುಸ್ತಕಗಳನ್ನೂ ಇಳಿಸಿಕೊಳ್ಳಬಹುದು. ಆಂಧ್ರದ ಪಠ್ಯಕ್ರಮಕ್ಕೆ ಅವು ನೂರಕ್ಕೆ ನೂರು ಹೊಂದುವುದಿಲ್ಲ. ಆದರೆ ಭಿನ್ನರಾಶಿಯೂ ದ್ಯುತಿಸಂಶ್ಲೇಷಣೆಯೂ ಗಡಿಯ ಈಚೆ ಒಂದು, ಆಚೆ ಒಂದು ಆಗುವುದಿಲ್ಲವಷ್ಟೆ! ಒಮ್ಮೆ ಇಳಿಸಿಟ್ಟರೆ ಸಿಗ್ನಲ್ ಇಲ್ಲದ ಊರಿನಲ್ಲಿಯೂ ಓದಬಹುದು.

ಐದು: ಸಿಂಪ್ಯೂಟರ್‌ನ ಹಿರಿಯರು ತೋರಿದ ದಾರಿಯನ್ನು ನೆನೆಯಿರಿ. ಎರಡು ಮೂರು ಮನೆಗಳು ಸೇರಿ ಒಂದು ಹಲಗೆ ಕೊಂಡರೆ ನಷ್ಟವಿಲ್ಲ. ಸರದಿಯಲ್ಲಿ ಓದುವ ಮಗು ತನ್ನ ಪಾಲಿನ ಗಂಟೆಯನ್ನು ಆಟದಲ್ಲಿ ಕಳೆಯುವುದು ಕಡಿಮೆ.

ಕೊನೆಯದಾಗಿ ನಮ್ಮ ಸಹೋದ್ಯೋಗಿಗಳಾದ ಕನ್ನಡ ಅಧ್ಯಾಪಕರಲ್ಲಿ ಒಂದು ಬಿನ್ನಹ. ಉಗ್ರಾಣ ತುಂಬುವವರು ಬೇರೆ ಎಲ್ಲಿಂದಲೋ ಬರುವರೆಂದು ಕಾಯುವುದು ಬೇಡ. ಆಂಧ್ರದ ಪಠ್ಯಕ್ರಮಕ್ಕೆ ಹೊಂದುವಂತೆ ಒಬ್ಬೊಬ್ಬರು ತಿಂಗಳಿಗೆ ಒಂದು ಪಾಠವನ್ನು ಕನ್ನಡದಲ್ಲಿ ಬರೆದೋ ಧ್ವನಿಮುದ್ರಿಸಿಯೋ ಹಂಚಿಕೊಂಡರೆ, ಮಡಕಶಿರ ರಾಯದುರ್ಗಗಳ ಮಕ್ಕಳಿಗೆ ಒಂದು ವರ್ಷದೊಳಗೆ ಒಳ್ಳೆಯ ಬುತ್ತಿ ಸಿದ್ಧವಾಗುತ್ತದೆ. ನಮ್ಮ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಗಣಿತದಿಂದ ಈ ಕೆಲಸವನ್ನು ತೊಡಗಿದ್ದೇವೆ. ಕೈಜೋಡಿಸುವವರು ತಮ್ಮ ತರಗತಿ ಮತ್ತು ವಿಷಯವನ್ನು ತಿಳಿಸಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆದರೆ, ಯಾರು ಯಾವ ಪಾಠವನ್ನು ವಹಿಸಿಕೊಳ್ಳುವುದೆಂಬುದನ್ನು ಮುಂದಿನ ಸಂಚಿಕೆಯ ವೇಳೆಗೆ ಗೊತ್ತುಮಾಡಬಹುದು.